ಸುತ್ತ ನೀರಿರುವ ಊರು

ದೇವನಹಳ್ಳಿ ತಾಲ್ಲೂಕು
11 ಜನವರಿ 2026, ಭಾನುವಾರ

ಪ್ರೀತಿಯ ಶಿಲ್ಪಕ್ಕನಿಗೆ,

ನಮ್ಮೂರು ತನ್ನ ಮಾತಿಗೆ ತಾನೇ ದ್ರೋಹ ಮಾಡಿದೆ. ಮೂರು ವರ್ಷ ಧರಣಿಯ ಟೆಂಟಿನಲ್ಲಿ ಕೂತು ಸರ್ಕಾರದ ಕೈಯಿಂದ ಬಿಡಿಸಿಕೊಂಡ ನೆಲವನ್ನು, ಬಿಡಿಸಿಕೊಂಡವರೇ ಈಗ ಒಬ್ಬೊಬ್ಬರಾಗಿ ಮಾರುತ್ತಿದ್ದಾರೆ.

ಕ್ಷೇಮ ಸಮಾಚಾರಕ್ಕೆ ಮೊದಲೇ ಇದನ್ನು ಬರೆದುಬಿಟ್ಟೆ, ಬೇಸರ ಮಾಡಿಕೊಳ್ಳಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಸುಸ್ತಾಗಿದ್ದೆ, ಅಷ್ಟೇ. ಫೋನಿನಲ್ಲಾದರೆ ನಾನು ಜಗಳ ತೆಗೆಯುತ್ತೇನೆ, ನೀನು ಡ್ಯೂಟಿ ಇದೆ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಎಂದಿನಂತೆ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಅಮ್ಮ ದಿನವೂ ಅವರೆಕಾಳು ಹಿತಕಿ ಬೇಳೆ ಒಣಗಿಸುತ್ತಿದ್ದಾಳೆ. ಈ ಸಲ ರಜೆಗೆ ಬಂದವಳು ವಾಪಸ್ ಹೋಗುವಾಗ ನಿನ್ನ ಪೆಟ್ಟಿಗೆಯಲ್ಲಿ ಬಟ್ಟೆಗೆ ಜಾಗ ಇರುವುದಿಲ್ಲ.

ನೀನು ಸ್ಕಾಟ್ಲೆಂಡಿನ ಓಬನ್ನಿನಲ್ಲಿ ವೃದ್ಧಾಶ್ರಮದ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆ ಸೀಮೆಯ ಆಡಳಿತ ಯಾರ ಕೈಯಲ್ಲಿದೆ ಅಂತ ನಾನು ಕೇಳಿದ್ದೆ. ಚಳಿ ಹೇಗಿದೆ ಅಂತ ಕೇಳುವುದು ಬಿಟ್ಟು ಇದನ್ನು ಕೇಳುವ ತಂಗಿ ನನಗೊಬ್ಬಳಿಗೇ ಇರುವುದು ಎಂದು ನೀನು ಉದ್ದದ ಉತ್ತರ ಬರೆದೆ. ಆರ್ಗೈಲ್ ಅಂಡ್ ಬ್ಯೂಟ್ ಕೌನ್ಸಿಲ್. ವಿಸ್ತಾರದಲ್ಲಿ ನಮ್ಮ ಜಿಲ್ಲೆಯ ಮೂರರಷ್ಟು, ಜನ ಮಾತ್ರ ಎಲ್ಲ ಸೇರಿದರೂ ದೊಡ್ಡಬಳ್ಳಾಪುರ ಪಟ್ಟಣದಷ್ಟಿಲ್ಲ. ಸಮುದ್ರ ಎಲ್ಲೆಂದರಲ್ಲಿ ನೆಲದೊಳಗೆ ನುಗ್ಗಿರುವುದರಿಂದ ಕರಾವಳಿ ಫ್ರಾನ್ಸ್ ದೇಶದ್ದಕ್ಕಿಂತ ಉದ್ದ ಅಂತ ಅಲ್ಲಿಯವರು ಹೇಳಿಕೊಳ್ಳುವುದು. ಜನ ವಾಸ ಮಾಡುವ ಇಪ್ಪತ್ತಕ್ಕೂ ಹೆಚ್ಚು ದ್ವೀಪಗಳು. ಮೀನು, ಕುರಿ, ವಿಸ್ಕಿ, ಪ್ರವಾಸಿಗಳು. ಗಾಳಿ ಎದ್ದರೆ ಹಡಗು ನಿಂತು, ದ್ವೀಪದ ಅಂಗಡಿಯಲ್ಲಿ ಬ್ರೆಡ್ಡೂ ಮುಗಿಯುತ್ತದೆ. ಹುಡುಗರು ಗ್ಲಾಸ್ಗೋ ಕಡೆ ಹೊರಟುಹೋಗುತ್ತಾರೆ, ಮುದುಕರು ಉಳಿಯುತ್ತಾರೆ, ಅವರನ್ನು ನೋಡಿಕೊಳ್ಳಲು ನಿನ್ನಂಥವರು ಬೇಕಾಗುತ್ತಾರೆ.

ಆಮೇಲೆ ನೀನು ಅಲ್ಲಿಯ ಗೀಯಾ ದ್ವೀಪದ ಸಂಗತಿ ಬರೆದಿದ್ದೆ. ನೂರು ಜನರೂ ಇಲ್ಲದ ಊರು ಒಟ್ಟಾಗಿ, ಒಡೆಯನ ಕೈಯಿಂದ ಇಡೀ ದ್ವೀಪವನ್ನೇ ಕೊಂಡುಕೊಂಡಿತು ಅಂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಕಣಕ್ಕ. ನಾನು ಓದಿದ ಯಾವ ಕರಪತ್ರದಲ್ಲೂ ಅಂಥದ್ದು ಇರಲಿಲ್ಲ.

ಮಾರನೆಯ ದಿನ ಟೆಂಟಿನಲ್ಲಿ ಹಳೆಯ ಫ್ಲೆಕ್ಸ್ ತಿರುಗಿಸಿ ಅದರ ಬೆನ್ನಿನ ಮೇಲೆ ಆರ್ಗೈಲಿನ ನಕ್ಷೆ ಬರೆದೆ. ಎದುರು ಮನೆ ಪಾಪಕ್ಕ ಹತ್ತಿರ ಬಂದು ನೋಡಿ, “ಇದೇನೇ ಮಗ, ಸೆರಗ ಇಲಿ ಕಡ್ದಂಗೈತೆ?” ಅಂದಳು. ಎಲ್ಲರೂ ನಕ್ಕರು. ಗೀಯಾದ ಕಥೆ ಹೇಳಿ ಮುಗಿಸಿದಾಗ ಯಾರೂ ನಗಲಿಲ್ಲ. ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವತ್ತಿನಿಂದ ನನ್ನ ಹೆಸರು ಆರ್ಗೈಲಮ್ಮ. ಹೋರಾಟದ ಮುಂದಾಳು ಬೈಲಪ್ಪ ಮಾವ ಸಿಕ್ಕಿದಾಗಲೆಲ್ಲ, ನಿಮ್ಮೋರು ಹೆಂಗವ್ರೆ, ಹಡಗು ಬಂತಾ ಅಂತ ವಿಚಾರಿಸುತ್ತಿದ್ದರು.

ಹೋದ ಆಷಾಢದಲ್ಲಿ ಸರ್ಕಾರ ನಮ್ಮ ನೆಲ ಕೈಬಿಟ್ಟಿತು. ಲಾಡು ಹಂಚಿದೆವು, ಟೆಂಟ್ ಬಿಚ್ಚಿದೆವು. ದೀಪಾವಳಿಯ ಹೊತ್ತಿಗೆ ಬ್ರೋಕರುಗಳ ಕಾರುಗಳು ಬರತೊಡಗಿದವು. ಮೊದಲು ಮಾರಿದ್ದು ಯಾರು ಗೊತ್ತಾ? ಬೈಲಪ್ಪ ಮಾವ.

ಅವರ ಮನೆ ಜಗಲಿಗೇ ಹೋಗಿ ಕೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. ಕೂರಿಸಿ ಮಜ್ಜಿಗೆ ಕೊಟ್ಟರು.

“ಸರ್ಕಾರ ಕಿತ್ಕೊಂಡ್ರೆ ಅನ್ಯಾಯ. ನಾನೇ ಮಾರಿದ್ರೆ ಅದು ನನ್ನಿಷ್ಟ. ಇಷ್ಟಕ್ಕೇ ಅಲ್ವೇನಮ್ಮ ನಾವು ಕೂತಿದ್ದು?” ಅಂದರು.

ಗೀಯಾದವರು ಮಾರಿಕೊಳ್ಳಲು ಕೊಂಡವರಲ್ಲ ಎಂದೆ. ಅವರು ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದರು.

“ಅವ್ರ ಸುತ್ತ ನೀರೈತೆ ಕಣಮ್ಮ. ನಮ್ಮ ಸುತ್ತ ಏರ್‌ಪೋರ್ಟ್ ಐತೆ.”

ಮಜ್ಜಿಗೆ ಕುಡಿದು ಎದ್ದು ಬಂದೆ.

ಈಗ ನಮ್ಮ ಮನೆಯ ವಿಷಯ. ಅಪ್ಪನೂ ಮಾತು ಕೊಟ್ಟಿದ್ದಾರೆ. ಇದೇ 23ನೇ ತಾರೀಕು, ಶುಕ್ರವಾರ, ದೇವನಹಳ್ಳಿಯಲ್ಲಿ ರಿಜಿಸ್ಟ್ರೇಷನ್. ಹೆಣ್ಣುಮಕ್ಕಳ ಸಹಿ ಇಲ್ಲದೆ ಆಗುವುದಿಲ್ಲ ಅಂತ ಬ್ರೋಕರ್ ಹೇಳಿದ್ದಾನೆ. ಹಾಗಾಗಿ ಮನೆಯಲ್ಲಿ ನನಗೆ ಈಗ ಬಹಳ ಉಪಚಾರ. ಮೊನ್ನೆ ಅಮ್ಮ ಕೇಳದೆಯೇ ತಲೆಗೆ ಎಣ್ಣೆ ಹಚ್ಚಿದಳು. ಹಚ್ಚುತ್ತಾ ಹಚ್ಚುತ್ತಾ, ಹಾಕ್ಬಿಡೇ ಒಂದ್ಸಹಿ, ನಿಮ್ಮಪ್ಪಂಗೂ ಸಾಕಾಗೈತೆ ಅಂದಳು. ಬೇರೆಯವರ ಮನೆ ಜಗಲಿಯಲ್ಲಿ ವಾದ ಮಾಡುವುದು ಸುಲಭ, ಅಕ್ಕ. ನಮ್ಮ ಮನೆಯಲ್ಲಿ ಎಣ್ಣೆಯ ಕೈ ತಲೆಯ ಮೇಲಿರುತ್ತದೆ.

ಆ ಫ್ಲೆಕ್ಸನ್ನು ಪಾಪಕ್ಕ ರಾಗಿಹುಲ್ಲಿನ ಮೆದೆಗೆ ಹೊದಿಸಿದ್ದಾಳೆ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಆರ್ಗೈಲ್, ತಲೆಕೆಳಗಾಗಿ. ನಿನ್ನ ಓಬನ್ನಿನ ಮೇಲೆ ಮಂಜು ಕೂತಿರುತ್ತದೆ.

ನಿನ್ನ ಆಶ್ರಮದ ಅಜ್ಜ ಅಜ್ಜಿಯರಿಗೆಲ್ಲ ಈ ಚಳಿಗಾಲ ಕ್ಷೇಮವಾಗಿ ಕಳೆಯಲಿ. ಅಮ್ಮ ಅಪ್ಪನ ಆಶೀರ್ವಾದಗಳು. ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ತಂಗಿ,
ಪ್ರಮೋದಾ

ತಾ.ಕ.: ಇಷ್ಟುದ್ದ ಬರೆದರೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಮಾರಬೇಡಿ ಅಂತ ನಿನ್ನೆ ಅಪ್ಪನ ಹತ್ತಿರ ಕೂಗಾಡಿದೆ. ಅಕ್ಕ ಬರಲಿ, ಅವಳು ಒಪ್ಪುವುದಿಲ್ಲ, ಗೀಯಾದ ಕಥೆ ನನಗೆ ಹೇಳಿದವಳೇ ಅವಳು ಅಂದೆ. ಅಪ್ಪ ದನಕ್ಕೆ ಹುಲ್ಲು ಹಾಕುತ್ತಿದ್ದವರು ತಿರುಗಿ ನೋಡಲಿಲ್ಲ.

“ನಿಮ್ಮಕ್ಕ ಸಹಿ ಹಾಕಕ್ಕೇ ಬರ್ತಾವ್ಳೆ ಕಣಮ್ಮ. ಮೊದ್ಲು ಮಾರಿ ಅಂದಿದ್ದೇ ಅವ್ಳು. ಆ ಹೊಲ ಇರೋಗಂಟ ಪ್ರಮೋದಾ ಊರು ಬಿಟ್ಟು ಏಳಲ್ಲ, ಅವಳ ವಯಸ್ಸು ಅಲ್ಲೇ ಮುಗಿದೋಗುತ್ತೆ ಅಂದ್ಳು. ನಿಂಗೆ ಹೇಳ್ಬ್ಯಾಡಿ ಅಂತಾನೂ ಅಂದ್ಳು.”

ನೀನು ನನಗೋಸ್ಕರ ಮಾಡಿದ್ದೀಯ ಅಂತ ಗೊತ್ತು. ಸರ್ಕಾರವೂ ನಮ್ಮ ಒಳ್ಳೆಯದಕ್ಕೇ ಅಂತಲೇ ಹೇಳುತ್ತಿತ್ತು. ಅದೂ ನಮ್ಮನ್ನು ಕೇಳಿರಲಿಲ್ಲ.

ನಾನಿನ್ನೂ ಸಹಿ ಹಾಕಿಲ್ಲ. ಹಾಕುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅಪ್ಪನಿಗೆ ಹೇಳಿದ ಮಾತನ್ನು ನೀನು ನನಗೆ ಹೇಳಬೇಕು, ನೆಲದ ಮೇಲೆ ನಿಂತು ಹೇಳಬೇಕು. ನಿನ್ನ ವಿಮಾನ 21ನೇ ತಾರೀಕು, ಬುಧವಾರ ಇಳಿಯುತ್ತದೆ. ಅವತ್ತು ಮಲಗಿ ನಿದ್ದೆ ಮಾಡು, ನಾನು ಏನೂ ಕೇಳುವುದಿಲ್ಲ. ಗುರುವಾರ, 22ನೇ ತಾರೀಕು, ಬೆಳಿಗ್ಗೆ ಏಳು ಗಂಟೆಗೆ, ನಮ್ಮ ಹೊಲದ ಹುಣಸೆ ಮರದ ಕೆಳಗೆ ಇರುತ್ತೇನೆ. ಒಬ್ಬಳೇ ಬಾ.