ಅಡುಗೆಮನೆಯ ಬಾಗಿಲು, ಇವರ ಕಾಲು

ಮಾರ್ಚ್ ೧೪, ಶುಕ್ರವಾರ

ಗೋಡೆಯ ಆ ಗುಂಡಿ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ನಾವು ಕೊಂಡ ಹಳೇ ಮನೆಯ ರಿಪೇರಿ ಇವತ್ತಿಗೆ ಮುಗಿಯಿತು ಅಂದುಕೊಂಡಿದ್ದೆ. ಭಾನುವಾರ ಅಲ್ಲಿಗೆ ಸಾಮಾನು ಸಾಗಿಸುವುದು. ಕೊನೆಗೆ ಉಳಿದಿದ್ದು ಅಡುಗೆಮನೆಯ ಬಾಗಿಲೊಂದೇ. ಬುಡಕ್ಕೆ ಒದ್ದರೆ ಮಾತ್ರ ತೆರೆಯುತ್ತಿತ್ತು. ಬಡಗಿ ಬೆಳಿಗ್ಗೆ ಅದರ ಅಂಚು ಹೆರೆದು, “ಇನ್ನು ಬೆರಳು ತಾಗಿಸಿದ್ರೆ ಸಾಕಮ್ಮ” ಅಂದ. ಸಂಜೆ ಇವರು ಎರಡೂ ಕೈಯಲ್ಲಿ ಬಣ್ಣದ ಡಬ್ಬ ಹಿಡಿದು ಬಂದವರೇ ಎಂದಿನಂತೆ ಒದ್ದರು. ಬಾಗಿಲು ಹೋಗಿ ಹೊಸದಾಗಿ ಗಾರೆ ಮಾಡಿಸಿದ ಗೋಡೆಗೆ ಬಡಿಯಿತು. ಅಂಗೈಯಗಲ ಗಾರೆ ಉದುರಿತು.

“ನಾಳೆನೇ ಮೇಸ್ತ್ರಿನ ಕರೀತೀನಿ ಕಣೇ” ಎಂದು ಮುಖ ಸಣ್ಣದು ಮಾಡಿಕೊಂಡರು. ಬಾಯಿತುಂಬ ಬೈದೆ. ಆಮೇಲೆ, ಮೇಸ್ತ್ರಿ ಬೇಡ ಅಂದೆ.

ಇಷ್ಟು ದಿನ ನಾವು ಮುಚ್ಚಿಸಿದ ಗುಂಡಿಗಳೆಲ್ಲ ಯಾರ್ಯಾರೋ ಮಾಡಿಟ್ಟು ಹೋದವು. ಇದೊಂದು ನಮ್ಮದು. ಬಾಗಿಲ ಹಿಂದೆ ಯಾರು ಇಣುಕುತ್ತಾರೆ, ನಾನೊಬ್ಬಳು ಬಿಟ್ಟು…