ಚೀಲಕ್ಕೆ ಊದಿದ ಉಸಿರು

ಜನವರಿ 9, ಸಂಜೆ

ಬೆಳಗ್ಗೆ ಚೆಕಿಂಗ್ ಡ್ಯೂಟಿ. ಟಿಕೆಟ್ ಇಲ್ಲದವರು ಇಬ್ಬರು ಸಿಕ್ಕರು. ನಾನು ಬಸ್ ಹತ್ತಿದ ಕೂಡಲೇ ಇಬ್ಬರೂ ಪಕ್ಕದವರ ಜೊತೆ ಹರಟೆಗೆ ಇಳಿದಿದ್ದರು. ಯಾವಾಗಲೂ ಹಾಗೇ.

ಮಧ್ಯಾಹ್ನ ರಜೆ ಹಾಕಿ ಇವರ ಜೊತೆ ಆಸ್ಪತ್ರೆಗೆ. ಇವರ ಹೊಟ್ಟೆಯಿಂದ ತೆಗೆದ ಚೂರಿನ ರಿಪೋರ್ಟ್ ಬಂದಿದೆ. ಲಿಂಫೋಮಾ. ಅಂದರೆ ಕ್ಯಾನ್ಸರೇ. ಡಾಕ್ಟರಮ್ಮ ನಗುನಗುತ್ತಾ, "ಹೊಟ್ಟೇಲಿ ಒಂದು ಬ್ಯಾಕ್ಟೀರಿಯಾ ಸೇರ್ಕೊಂಡಿದೆ, ಗೆಡ್ಡೆಗೆ ಅದರದ್ದೇ ಕುಮ್ಮಕ್ಕು. ಮೊದಲು ಅದನ್ನ ಸಾಯಿಸೋಣ. ಎರಡು ವಾರ ಆ್ಯಂಟಿಬಯೋಟಿಕ್, ಜೊತೆಗೆ ಆಸಿಡ್ ತಗ್ಗಿಸೋ ಮಾತ್ರೆ. ಶುರುವಲ್ಲೇ ಸಿಕ್ಕಿದೆ, ಎಷ್ಟೋ ಜನಕ್ಕೆ ಇಷ್ಟರಲ್ಲೇ ಕರಗುತ್ತೆ" ಅಂದರು.

ಕ್ಯಾನ್ಸರಿಗೆ ಗಂಟಲು ನೋವಿನ ಮಾತ್ರೆಯಂತೆ! ಯಾರ ಕಿವಿ ಮೇಲೆ ಹೂವು ಇಡುತ್ತಾರೆ? ಕೈಚೆಲ್ಲಿ ಕೂತಿದ್ದಾರೆ. ನಮ್ಮ ಸಮಾಧಾನಕ್ಕೆ ಏನೋ ಗೀಚಿ ಕೊಟ್ಟಿದ್ದಾರೆ.

ಜನವರಿ 12

ನಾದಿನಿ ಆಸ್ಪತ್ರೆ ಕಾರಿಡಾರಿನಲ್ಲಿ ಡಾಕ್ಟರಮ್ಮನ ಜೊತೆ ಗುಸುಗುಸು ಮಾಡುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಗಪ್‌ಚುಪ್. ಮನೆಗೆ ಬಂದಮೇಲೆ ಹಿಡಿದು ಕೇಳಿದೆ.

"ಅಯ್ಯೋ ಅತ್ತಿಗೆ, ನಿಮ್ಮ ವಿಷಯಾನೇ ಹೇಳ್ತಿದ್ದೆ. ಅವರಿಗೆ ಅನುಮಾನ ಜಾಸ್ತಿ, ಸ್ವಲ್ಪ ಬಿಡಿಸಿ ಹೇಳಿ ಅಂತ!"

ಇವರು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕರು. "ದೇವರೇ ಬಸ್ ಹತ್ತಿದ್ರೂ ಇವಳು ಟಿಕೆಟ್ ಕೇಳ್ತಾಳೆ ಕಣೇ." ನಗಲಿ. ಸಂಜೆ ಡಾಕ್ಟರಮ್ಮನೇ ಫೋನ್ ಮಾಡಿ ಅರ್ಧ ಗಂಟೆ ವಿವರಿಸಿದರು. ನಂಬುವ ಹಾಗೇ ಇತ್ತು... ನಂಬಿದೆ, ಮುಕ್ಕಾಲು ಪಾಲು.

ಜನವರಿ 23

ಆ್ಯಂಟಿಬಯೋಟಿಕ್ ಮುಗಿಯಿತು, ಆಸಿಡ್ ಮಾತ್ರೆ ಮಾತ್ರ ಮುಂದುವರಿಸಬೇಕಂತೆ. ಬಾಯೆಲ್ಲ ಕಬ್ಬಿಣ ನೆಕ್ಕಿದಂತೆ ಅಂತ ಇವರ ಗೊಣಗಾಟ. ಒಂದು ಹೊತ್ತೂ ತಪ್ಪಿಸಿಲ್ಲ. ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದೆ. ತೆರೆದು, ನಾಲಿಗೆಯನ್ನೂ ಎತ್ತಿ ತೋರಿಸಿದ್ದಾರೆ, ಪಾಪ.

ಫೆಬ್ರವರಿ 25

ಬ್ಯಾಕ್ಟೀರಿಯಾ ಸತ್ತಿದೆಯೋ ಇಲ್ಲವೋ ನೋಡಲು ಇನ್ನೆರಡು ವಾರಕ್ಕೆ ಉಸಿರಿನ ಪರೀಕ್ಷೆ. ಅಲ್ಲಿಯವರೆಗೆ ಆಸಿಡ್ ಮಾತ್ರೆ ಮುಟ್ಟುವಂತಿಲ್ಲ. "ಅದು ತಗೊಂಡಿದ್ರೆ ಬ್ಯಾಕ್ಟೀರಿಯಾ ಅಡಗಿ ಕೂತ್ಕೊಳ್ಳುತ್ತೆ. ಇದ್ರೂ ಇಲ್ಲ ಅಂತ ಬರುತ್ತೆ" ಅಂತ ಡಾಕ್ಟರಮ್ಮ ಎರಡು ಸಲ ಹೇಳಿದರು.

ನಿಲ್ಲಿಸಿದ್ದೇ ತಡ, ಉರಿ. ಎದೆಯವರೆಗೆ. ದಿಂಬು ಅವುಚಿಕೊಂಡು ಕೂತಿದ್ದರು. "ಇದು ಅದೇ ಬೆಳೀತಿರೋದು" ಅಂದರು. ಇವರ ಅಣ್ಣನಿಗೆ ಕೀಮೋ ಆದಾಗ ಕೊನೆಯವರೆಗೂ ಸ್ನಾನ ಮಾಡಿಸಿದವರು ಇವರೇ. ಅಣ್ಣನ ಆ ಮೈ ಇನ್ನೂ ಇವರ ಕಣ್ಣಲ್ಲಿದೆ. "ನಂಗೆ ಅದು ಬೇಡ. ಏನೇ ಆದ್ರೂ ಅದು ಬೇಡ" ಅಂದರು.

ಮಾರ್ಚ್ 3

ಉಪ್ಪಿನಕಾಯಿ ಹಾಕಿಕೊಂಡು ಊಟ ಮಾಡಿದರು! ಮಧ್ಯಾಹ್ನ ಗೊರಕೆ ಬೇರೆ. ಮೊನ್ನೆಯವರೆಗೆ ನೀರು ಕುಡಿದರೂ ಮುಖ ಕಿವುಚುತ್ತಿದ್ದ ಮನುಷ್ಯ.

"ಉರಿ ಎಲ್ಲಿ ಹೋಯ್ತು?"

"ವಾಸಿ ಆಗ್ತಿದೆ ಕಣೇ. ಅದಕ್ಕೂ ಅನುಮಾನನಾ?"

ನಾಚಿಕೆಯಾಯಿತು. ಗಂಡ ಚೆನ್ನಾಗಿದ್ದರೆ ಹೊಟ್ಟೆಕಿಚ್ಚು ಪಡುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಮಾರ್ಚ್ 11

ಏನೋ ಕುಡಿಸಿ, ಚೀಲಕ್ಕೆ ಊದಿಸಿದರು. ರಿಸಲ್ಟ್: ಇಲ್ಲ! ಬ್ಯಾಕ್ಟೀರಿಯಾ ಇಲ್ಲ! ನಾದಿನಿ ಕೇಕ್ ತಂದು, ನಾನು ಅತ್ತು, ಊರಿಂದ ಮಗಳು ಫೋನಿನಲ್ಲೇ ಅತ್ತು...

ಇವರು ಮಾತ್ರ ಮಾತು, ಮಾತು, ಮಾತು. ತಾವು ಕಲಿಸುವ ಡ್ರೈವಿಂಗ್ ಸ್ಕೂಲಿನ ಹಳೇ ಕಥೆಗಳೆಲ್ಲ ಹೊರಬಂದವು. ಉಸಿರು ಬಿಡದೆ. ನನ್ನ ಕಡೆ ನೋಡದೆ.

ಬೇಡ. ಬರೆಯುವುದು ಬೇಡ.

ಮಾರ್ಚ್ 13, ಮಧ್ಯಾಹ್ನ

ಗೆಡ್ಡೆ ಕರಗಿದೆಯಾ ಅಂತ ನೋಡುವ ಎಂಡೋಸ್ಕೋಪಿಯ ತಾರೀಖು ಕೇಳಲು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಬ್ಯಾಕ್ಟೀರಿಯಾ ಹೋದ್ಮೇಲೂ ಕೆಲವು ತಿಂಗಳು ಕಾದು ನೋಡ್ತೀವಿ. ಆಮೇಲೂ ಗೆಡ್ಡೆ ಹಾಗೇ ಇದ್ರೆ ಈ ದಾರಿ ಮುಗೀತು ಅಂತ. ರೇಡಿಯೇಷನ್ನು, ಬೇಕಾದ್ರೆ ಕೀಮೋ" ಅಂದರು.

ಕೂತಲ್ಲಿ ಕೂರಲಾಗಲಿಲ್ಲ. ಡ್ರೈವಿಂಗ್ ಸ್ಕೂಲಿಗೇ ಹೋದೆ. ಇವರು ಕಾರಿನಲ್ಲಿ ಒಬ್ಬರೇ ಇದ್ದರು. ಕಲಿಯುವವರ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

"ಆಸಿಡ್ ಮಾತ್ರೆ ತಗೊಂಡ್ರಾ, ಇಲ್ವಾ? ನನ್ನ ಮುಖ ನೋಡಿ ಹೇಳ್ರೀ."

ಕಾರು ನಿಂತೇ ಇತ್ತು. ಇವರು ತಮ್ಮ ಕಡೆಯ ಬ್ರೇಕನ್ನು ಒತ್ತಿ ಹಿಡಿದಿದ್ದರು.

"ಮೂರ್ನಾಲ್ಕು ದಿನ ತಡೆದೆ. ಆಮೇಲೆ ದಿನಾ... ದಿನಾ ತಗೊಂಡೆ. ಮೋಸ ಮಾಡ್ಬೇಕು ಅಂತ ಅಲ್ಲ ಕಣೇ. ಉರಿ ಬಂದಾಗೆಲ್ಲ ಅಣ್ಣ ಕಾಣ್ತಿದ್ದ. ಉರಿ ಇಲ್ಲ ಅಂದ್ರೆ ಕಾಯಿಲೇನೂ ಇಲ್ಲ ಅನ್ಸೋದು. ಈಗ ಇಲ್ಲ ಅಂತ ಬಂದಿದೆಯಲ್ಲ. ಇಲ್ಲ ಅಂತಾನೇ ಇರ್ಲಿ ಬಿಡು."

"ಹೇಗ್ರೀ ಬಿಡೋದು? ಅದು ಒಳಗೇ ಇದ್ರೆ ಬೇರೆ ಮಾತ್ರೆ ಕೊಟ್ಟು ಸಾಯಿಸ್ತಾರೆ. ಇಲ್ಲ ಅಂದ್ಕೊಂಡ್ರೆ ಗೆಡ್ಡೆ ಕರಗಲ್ಲ, ನಿಮ್ಮನ್ನ ಸೀದಾ ಕೀಮೋಗೇ ಕರ್ಕೊಂಡು ಹೋಗ್ತಾರೆ. ಯಾವುದು ಬೇಡ ಅಂತ ಓಡ್ತಿದೀರೋ ಅದರ ಬಾಯಿಗೇ ಹೋಗಿ ಬೀಳ್ತಿದೀರಿ!"

ಇವರ ಮುಖ ಬಿಳಿಚಿತು. ಇದು ಇವರಿಗೆ ಗೊತ್ತಿರಲಿಲ್ಲ. ಆದರೂ, "ಡಾಕ್ಟ್ರಿಗೆ ಹೇಳ್ಬೇಡ. ಕೈ ಮುಗೀತೀನಿ" ಅಂದರು. ಮೂವತ್ತು ವರ್ಷದಲ್ಲಿ ಇವರು ನನಗೆ ಕೈ ಮುಗಿದದ್ದು ಇದೇ ಮೊದಲು.

ಮಾರ್ಚ್ 14

ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. ಮತ್ತೆ ಎರಡು ವಾರ ಆಸಿಡ್ ಮಾತ್ರೆ ಬಂದ್, ಮತ್ತೆ ಪರೀಕ್ಷೆ. ಉರಿ ತಡೆಯಲಾಗದಿದ್ದರೆ ಕುಡಿಯಲು ಬೇರೆ ಔಷಧಿ ಹೇಳಿದ್ದಾರೆ. ಇವರು ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲೆ ಎಸೆದರು. ಮಾತು ನಿಲ್ಲಿಸಿದ್ದಾರೆ. "ಅಪ್ಪ ಅಷ್ಟು ಖುಷಿಯಾಗಿದ್ರು, ಯಾಕಮ್ಮ ಕೆದಕಿದೆ?" ಅಂತ ಮಗಳೂ ಕೇಳಿದಳು. ಇರಲಿ. ಎಲ್ಲರಿಗೂ ನಾನೇ ಕೆಟ್ಟವಳು. ಇವರು ಬದುಕಿದ್ದು ನನ್ನ ಮೇಲೆ ಸಿಟ್ಟು ಮಾಡಿಕೊಂಡಿರಲಿ.

ಮಾರ್ಚ್ 30, ಆಸ್ಪತ್ರೆ

ಊದಿ ಬಂದರು. ರಿಸಲ್ಟಿಗೆ ಕಾಯುತ್ತಿದ್ದೇವೆ. ಈ ಎರಡು ವಾರ ಇವರು ಉರಿಯಲ್ಲಿ ಬೆಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನಿಂದ ಎರಡು ಕುರ್ಚಿ ಆಚೆ ಕೂತಿದ್ದವರು ಈಗ ಎದ್ದು ಬಂದು ಪಕ್ಕದಲ್ಲಿ ಕೂತರು.

"ಇದೆ ಅಂತ ಬಂದ್ರೆ?"

"ಇನ್ನೊಂದು ಸುತ್ತು ಮಾತ್ರೆ. ಅಷ್ಟೇ ತಾನೇ."

"ಇಲ್ಲ ಅಂತ ಬಂದ್ರೆ... ನೀನು ನಂಬ್ತೀಯಾ?"

"ನೀವು?"

"ನೀನು ನಂಬಿದ್ರೆ ನಂಬ್ತೀನಿ. ಹೋದ ಸಲ ನಂಗೆ ನನ್ನ ಮೇಲೇ ನಂಬಿಕೆ ಇರ್ಲಿಲ್ಲ ಕಣೇ. ಎಲ್ರೂ ಕೇಕ್ ತಿಂದ್ರು. ನೀನೊಬ್ಳೇ ನನ್ನ ನೋಡ್ತಿದ್ದೆ. ಹೆದರಿಕೆ ಆಯ್ತು. ಆದ್ರೆ ಒಬ್ರಾದ್ರೂ ನೋಡ್ತಿದಾರಲ್ಲ ಅಂತ..."

ನನಗೆ ಕಣ್ಣು ಕಾಣಿಸುತ್ತಿಲ್ಲ, ಅಕ್ಷರ ಸೊಟ್ಟಸೊಟ್ಟ ಬರುತ್ತಿದೆ. ಸಿಸ್ಟರ್ ಕರೆದರು. ಇವರು ಏಳಲಿಲ್ಲ. "ನೀನೇ ಹೋಗಿ ಓದು" ಅಂತ ನನ್ನ ಕೈ ಹಿಡಿದಿದ್ದಾರೆ, ಹೋಗು ಅಂತಾರೆ, ಬಿಡುತ್ತಿಲ್ಲ—