ಹಗುರ ಬಾಣಗಳು

ಡಾರ್ಲಾ,

ಇವತ್ತು ಬಿಲ್ಲನ್ನು ಓರ್ವಿಲ್‌ನ ಬಿಲ್ಲುಬಾಣದ ಅಂಗಡಿಗೆ ಒಯ್ದಿದ್ದೆ. ಹೆದೆ ಬಿಟ್ಟೊಡನೆ ಅದು ಈಗಲೂ ಖಣಿಲ್ಲೆನ್ನುತ್ತದೆ, ಹಿಡಿದ ಕೈ ಮೊಣಕೈವರೆಗೆ ನಡುಗುತ್ತದೆ. ಮೂರು ವರ್ಷದ ಹಿಂದೆ ನಾವಿಬ್ಬರೂ ಬೇಟೆಗೆ ಹೋದಾಗ ಆ ದೊಡ್ಡ ಗಂಡು ಜಿಂಕೆ ಬಾಣ ತಲುಪುವ ಮೊದಲೇ ತಗ್ಗಿ ತಪ್ಪಿಸಿಕೊಂಡದ್ದು ಈ ಸದ್ದಿಗೇ. ಮರುದಿನ ಅದು ನಿನಗೆ ಸಿಕ್ಕಿತು. ನನ್ನ ಬಿಲ್ಲನ್ನು ಪ್ರತಿವರ್ಷ ಹದಗೊಳಿಸುತ್ತಿದ್ದವಳು ನೀನು. ಬೇಕೆಂದೇ ಏನೋ ಸಡಿಲಿಸಿದ್ದೀ ಎಂದು ಊರವರು ಸೇರುವ ಶುಕ್ರವಾರದ ಮೀನೂಟದಲ್ಲಿ ಎಲ್ಲರೆದುರು ಅಂದೆ. ನೀನು ತಟ್ಟೆ ಬಿಟ್ಟು ಎದ್ದು ಹೋದೆ. ತಪ್ಪು ಮಾಡಿದ್ದಕ್ಕೇ ಎದ್ದು ಹೋದೆ ಎಂದುಕೊಂಡೆ.

ಓರ್ವಿಲ್ ಬಿಲ್ಲಿನ ತಿರುಪುಗಳನ್ನೂ ಸದ್ದಡಗಿಸುವ ರಬ್ಬರ್ ತುಂಡುಗಳನ್ನೂ ಮುಟ್ಟಿ ನೋಡಿದ. ಎಲ್ಲ ಬಿಗಿಯಾಗಿದ್ದವು. ಕೊನೆಗೆ ನನ್ನ ಬಾಣವನ್ನು ತಕ್ಕಡಿಗಿಟ್ಟು ನಕ್ಕ.

"ಅಲ್ಲಮ್ಮಾ ನೋರೀನ್, ಇದು ಬಾಣಾನೋ, ಹಲ್ಲುಕಡ್ಡೀನೋ? ಇಷ್ಟು ಹಗುರದ್ದು ಬಿಲ್ಲಿನ ಜೋರನ್ನೆಲ್ಲ ಹೊತ್ಕೊಂಡು ಹೋಗಲ್ಲ. ಉಳಿದಿದ್ದು ಬಿಲ್ಲಲ್ಲೇ ಕೂತು ಗಲಾಟೆ ಮಾಡುತ್ತೆ."

ವೇಗ ಬೇಕೆಂದು ಆ ವರ್ಷ ನಿನಗೆ ಹೇಳದೆ ಈ ಹಗುರ ಬಾಣಗಳನ್ನು ತರಿಸಿದವಳು ನಾನೇ. ಆದರೂ, "ಹೀಗೆ ಹೇಳು ಅಂತ ಡಾರ್ಲಾ ಹೇಳಿಕೊಟ್ಟಿದ್ಲಾ?" ಎಂದು ಕೇಳಿದೆ.

"ಸತ್ತವಳ ಮೇಲೂ ಅನುಮಾನಾನಾ ನಿಂಗೆ?" ಎನ್ನುತ್ತ ಅವನು ಒಳಗಿನಿಂದ ಆರು ಭಾರದ ಬಾಣಗಳನ್ನು ತಂದಿಟ್ಟ. "ನಿನ್ನ ಕೈಯಳತೆಗೆ ಅವಳೇ ಕತ್ತರಿಸಿ ಇಟ್ಟೋಗಿದ್ಲು. 'ನನ್ನ ಕೈಯಿಂದ ನೋರೀನ್ ತಗೊಳಲ್ಲ, ಅವಳಾಗೇ ಬಂದಾಗ ಕೊಡು' ಅಂದ್ಲು."

ಅಲ್ಲೇ ಒಂದನ್ನು ಹೂಡಿ ಬಿಟ್ಟೆ. ಬಾಣ ಗುರಿಹಲಗೆಗೆ ನಾಟಿದ್ದು ಕೇಳಿಸಿತು, ಬಿಲ್ಲಿನ ಸದ್ದು ಕೇಳಿಸಲಿಲ್ಲ.

ಮನೆಗೆ ಬಂದು ಆರನ್ನೂ ಒಂದೊಂದಾಗಿ ಕಿವಿಯ ಬಳಿ ಹಿಡಿದು ಬಗ್ಗಿಸಿದೆ. ಒಳಗೆ ನೀನೇನಾದರೂ ಸೀಳು ಮಾಡಿಟ್ಟಿದ್ದರೆ ಚಿಟ್ ಎನ್ನುತ್ತದೆ. ಯಾವುದೂ ಸದ್ದು ಮಾಡಲಿಲ್ಲ. ಮತ್ತೆ ಮೊದಲನೆಯದನ್ನು ಎತ್ತಿ ಕಿವಿಯ ಬಳಿ ಹಿಡಿದೆ.